ಹಾಗಲಬಳ್ಳಿ ಹಬ್ಬಿದ ನೆಲ ಯಾರದು?

ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಿಗೆ ಇವತ್ತು ಹಾಗಲಕಾಯಿ ಅಪರೂಪದ ತರಕಾರಿಯಲ್ಲ. ಲಾಸ್ ಏಂಜಲೀಸ್‌ನ ಆಗ್ನೇಯಕ್ಕಿರುವ ಆರ್ಟೀಸಿಯಾ ಪಟ್ಟಣದ ಪಯೊನಿಯರ್ ಬುಲೆವಾರ್ಡಿಗೆ ‘ಲಿಟ್ಲ್ ಇಂಡಿಯಾ’ ಎಂದೇ ಹೆಸರು. ಅಲ್ಲಿನ ದಿನಸಿ ಅಂಗಡಿಗಳಲ್ಲೂ ಸ್ಯಾನ್ ಡಿಯಾಗೋದ ಮೀರಾ ಮೇಸಾ ಸುತ್ತಲಿನ ಅಂಗಡಿಗಳಲ್ಲೂ ಮೊನಚು ತುದಿಯ, ಮುಳ್ಳುಮುಳ್ಳಾದ ಕಡುಹಸಿರು ಹಾಗಲ ಸಿಗುತ್ತದೆ. ಕೆಲವೇ ಮೈಲಿ ಆಚೆಯ ಚೀನೀ, ವಿಯೆಟ್ನಾಮೀ, ಫಿಲಿಪಿನೋ ಅಂಗಡಿಗಳಲ್ಲಿ ಉದ್ದವಾದ, ಮೈಮೇಲೆ ನುಣುಪಾದ ದಪ್ಪ ಏಣುಗಳಿರುವ ತಿಳಿಹಸಿರು ಹಾಗಲ ಸಿಗುತ್ತದೆ. ಗೊಜ್ಜಿಗೆ, ಪಲ್ಯಕ್ಕೆ, ಮೆಣಸ್ಕಾಯಿಗೆ ಮಾತ್ರವಲ್ಲ, ಆಲೂಗಡ್ಡೆ, ಟೊಮೆಟೊ, ಎಲೆಕೋಸು ಕೂಡದ ತಿಥಿಯ ಅಡುಗೆಗೂ ನಮ್ಮವರಿಗೆ ಇದು ಬೇಕು. ಹೀಗೆ ಸುಲಭವಾಗಿ ಸಿಗುವ ವಸ್ತುವಿನ ಬಗ್ಗೆ ಎರಡು ನಂಬಿಕೆಗಳು ಬೇರೂರಿವೆ. ಭಾರತೀಯರು ವಲಸೆ ಬಂದ ಮೇಲೆ ಹಾಗಲ ಈ ನಾಡಿಗೆ ಬಂತು ಎಂಬುದು ಒಂದು. ಸಕ್ಕರೆ ಕಾಯಿಲೆಯ ಮದ್ದೆಂಬ ಹೆಸರಿನಿಂದ ಅದಕ್ಕೆ ಇಲ್ಲಿ ನೆಲೆ ಸಿಕ್ಕಿತು ಎಂಬುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ ಎಂಬುದು ನನ್ನ ವಾದ. ಹಾಗಲ ಇಲ್ಲಿ ಉಳಿದದ್ದು ಊಟದ ತರಕಾರಿಯಾಗಿ. ಅದನ್ನು ಉಳಿಸಿದವರು ಭೂಮಿಯ ಒಡೆತನವನ್ನೇ ಕಾನೂನು ನಿರಾಕರಿಸಿದ್ದ ಏಷ್ಯಾದ ಗೇಣಿದಾರರು ಮತ್ತು ಅವರು ಕಟ್ಟಿದ ಮಾರುಕಟ್ಟೆ.

ಹಾಗಲದ ಕುಲದ ಮೂಲ ಆಫ್ರಿಕಾದ ಉಷ್ಣವಲಯದಲ್ಲಿದೆ ಎಂದು ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಆದರೆ ಅದನ್ನು ಬೇಸಾಯಕ್ಕೆ ಒಗ್ಗಿಸಿ, ಆಯ್ದು ಆಯ್ದು ದೊಡ್ಡ ಕಾಯಿಯ ತಳಿಗಳನ್ನು ಮಾಡಿದ್ದು ಏಷ್ಯಾ. ಸುಶ್ರುತಸಂಹಿತೆ ‘ಕಾರವೇಲ್ಲಕ’ವನ್ನು ಹೆಸರಿಸುವುದು ಅನ್ನಪಾನದ ಅಧ್ಯಾಯದ ಶಾಕವರ್ಗದಲ್ಲಿ, ಅಂದರೆ ಉಣ್ಣುವ ಪಲ್ಯೆಗಳ ಸಾಲಿನಲ್ಲಿ. ನಮ್ಮ ವೈದ್ಯಪರಂಪರೆಯೂ ಇದನ್ನು ಮೊದಲು ಆಹಾರವೆಂದೇ ಎಣಿಸಿತ್ತು. ಗುಣದೋಷಗಳ ವಿಚಾರ ಅದರ ಜೊತೆಗೆ ಬಂತು. 1753ರಲ್ಲಿ ಲಿನೇಯಸ್ ಇದಕ್ಕೆ ‘ಮೊಮೊರ್ಡಿಕಾ ಚರಾಂಟಿಯಾ’ ಎಂದು ಹೆಸರಿಡುವ ಹೊತ್ತಿಗೆ ಈ ಬಳ್ಳಿ ಅಟ್ಲಾಂಟಿಕ್ ದಾಟಿಯಾಗಿತ್ತು. ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾ ಮೂಲದ ಜನ ಅದರ ಎಲೆಬಳ್ಳಿಯನ್ನು ಕುದಿಸಿ ‘ಸೆರಸಿ’ ಎಂಬ ಕಹಿ ಕಷಾಯ ಮಾಡಿ ಕುಡಿಯುತ್ತ ಬಂದರು. ಇತ್ತ ಅಮೆರಿಕದ ಸಿರಿವಂತರ ಕೈತೋಟಗಳಲ್ಲಿ ಹಾಗಲವೂ ಅದರ ಸೋದರ ಜಾತಿಯೂ ‘ಬಾಲ್ಸಮ್ ಪೇರ್’, ‘ಬಾಲ್ಸಮ್ ಆಪಲ್’ ಎಂಬ ಹೆಸರಿನಲ್ಲಿ ಅಂದಕ್ಕಾಗಿ ಹಬ್ಬಿದವು. ಹಣ್ಣಾಗಿ ಬಿರಿದಾಗ ಕಾಣುವ ಕೆಂಪು ಬೀಜಗಳೇ ಅವರಿಗೆ ಇಷ್ಟ. ಕಷಾಯದ ಬಳ್ಳಿ, ಅಂದದ ಬಳ್ಳಿ ಎರಡೂ ಹೀಗೆ ಅಮೆರಿಕದ ನೆಲದಲ್ಲಿದ್ದವು. ಎಳೆಗಾಯಿಯನ್ನು ಕೊಯ್ದು, ಹೆಚ್ಚಿ, ಹುರಿದು, ಅನ್ನದ ಜೊತೆ ಉಣ್ಣುವ ತರಕಾರಿಯಾಗಿ ಅದು ಕ್ಯಾಲಿಫೋರ್ನಿಯಾ ಸೇರಿದ್ದು ಮಾತ್ರ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಸೀಮೆಯ ರೈತರ ಜೊತೆ.

ಚಿನ್ನದ ಗಣಿಗಳಿಗೂ ರೈಲುಹಾದಿಯ ಕೆಲಸಕ್ಕೂ ಬಂದ ಚೀನೀಯರಲ್ಲಿ ಅನೇಕರು ಊರಿನಲ್ಲಿ ಬೇಸಾಯಗಾರರು. 1870ರ ದಶಕದ ಹೊತ್ತಿಗೆ ಲಾಸ್ ಏಂಜಲೀಸ್ ಪಟ್ಟಣದ ಅಂಚಿನಲ್ಲಿ ತುಂಡು ಜಮೀನು ಗೇಣಿಗೆ ಹಿಡಿದು, ತರಕಾರಿ ಬೆಳೆದು, ಗಾಡಿಯಲ್ಲಿ ಮನೆಮನೆಗೆ ಮಾರುವ ಕಸುಬು ಬಹುಮಟ್ಟಿಗೆ ಅವರ ಕೈಯಲ್ಲಿತ್ತು. ಆ ಊರು ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ಮರೆಯುವಂತಿಲ್ಲ. 1871ರ ಅಕ್ಟೋಬರ್ 24ರ ರಾತ್ರಿ ಅಲ್ಲಿಯ ಗುಂಪೊಂದು ಚೀನೀಯರ ಕೇರಿಗೆ ನುಗ್ಗಿ ಕನಿಷ್ಠ 18 ಜನರನ್ನು ಕೊಂದಿತು. ಅದೇ ದಶಕದ ಕೊನೆಗೆ ನಗರಸಭೆ ತರಕಾರಿ ಮಾರುವವರ ಪರವಾನಗಿ ಶುಲ್ಕವನ್ನು ಅವರನ್ನೇ ಗುರಿಯಾಗಿಸಿ ಏರಿಸಿದಾಗ ಮಾರಾಟಗಾರರು ಗಾಡಿ ಕಟ್ಟುವುದನ್ನೇ ನಿಲ್ಲಿಸಿದರು. ವಾರಗಟ್ಟಲೆ ಊರಿನ ಅಡುಗೆಮನೆಗಳಿಗೆ ಸೊಪ್ಪು ತರಕಾರಿ ಸರಿಯಾಗಿ ಬರಲಿಲ್ಲ. ತಾವು ದೂರ ತಳ್ಳಿದ ಜನರೇ ತಮ್ಮ ಊಟದ ಆಧಾರ ಎಂಬುದು ಊರಿಗೆ ತಿಳಿದದ್ದು ಆಗ. ಸ್ಯಾನ್ ಡಿಯಾಗೋದಲ್ಲಿ ಚೀನೀಯರು ಮೊದಲು ಮೀನುಗಾರರು. ತಾವೇ ಕಟ್ಟಿದ ಹಾಯಿದೋಣಿಗಳಲ್ಲಿ ಕಡಲಿಗೆ ಇಳಿಯುತ್ತಿದ್ದರು. 1882ರ ಚೀನೀ ಬಹಿಷ್ಕಾರ ಕಾಯ್ದೆ, 1888ರ ಸ್ಕಾಟ್ ಕಾಯ್ದೆ, 1892ರ ಗಿಯರಿ ಕಾಯ್ದೆಗಳು ಒಂದರ ಮೇಲೊಂದು ಬಂದು ಆ ಕಸುಬು ಮುರಿದುಬಿತ್ತು. ಮಿಷನ್ ವ್ಯಾಲಿಯ ನದೀಬಯಲಿನ ತರಕಾರಿ ತೋಟಗಳು ಉಳಿದವು. ಆ ಊರಿನ ಚೀನೀ ಮುಖಂಡ ಆ ಕ್ವಿನ್ ಬರೆದಿಟ್ಟ ದಿನಚರಿಗಳು ಸ್ಯಾನ್ ಡಿಯಾಗೋದ ಇತಿಹಾಸ ಸಂಗ್ರಹದಲ್ಲಿ ಇಂದಿಗೂ ಇವೆ. ಆ ಕಾಲದ ಚೀನೀ ವಲಸಿಗನೊಬ್ಬನ ಬದುಕು ಅವನದೇ ಕೈಬರಹದಲ್ಲಿ ಸಿಗುವುದು ಅಪರೂಪ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಆ ಗಾಡಿಗಳಲ್ಲಿ ಇದ್ದದ್ದು ಎಲೆಕೋಸು, ಆಲೂಗಡ್ಡೆ, ಸೆಲರಿ. ಕೊಳ್ಳುತ್ತಿದ್ದವರು ಬಿಳಿಯ ಗೃಹಿಣಿಯರು. ಇದರಲ್ಲಿ ಹಾಗಲ ಎಲ್ಲಿ ಬಂತು? ಮಾರುವುದಕ್ಕೆ ಬೆಳೆದದ್ದು ಬಹುಪಾಲು ಕೊಳ್ಳುವವರು ಕೇಳಿದ ತರಕಾರಿಯೇ, ನಿಜ. ಆದರೆ ರೈತ ತನ್ನ ಊಟಕ್ಕೆ, ತನ್ನವರ ಕೇರಿಗೆ ಬೆಳೆಯುವುದು ಬೇರೆ. 1894ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತೋಟಗಾರಿಕೆ ವಿಜ್ಞಾನಿ ಎಲ್. ಎಚ್. ಬೇಲಿ ಅಮೆರಿಕಕ್ಕೆ ಹೊಸದಾಗಿ ಬಂದ ಚೀನೀ ತರಕಾರಿಗಳ ಬಗ್ಗೆ ಒಂದು ಪ್ರಕಟಣೆ ಹೊರತಂದರು; ‘ಲಾ-ಕ್ವಾ’ ಎಂಬ ಹೆಸರಿನಲ್ಲಿ ಅದರಲ್ಲಿ ಹಾಗಲವಿದೆ. 1899ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ವಾಲ್ಟರ್ ಬ್ಲಾಸ್‌ಡೇಲ್ ಚೀನೀಯರ ತರಕಾರಿ ಆಹಾರಗಳನ್ನು ಪರೀಕ್ಷಿಸಿ, ಅವುಗಳ ಪೋಷಕಾಂಶ ಮತ್ತು ಆರ್ಥಿಕ ಮೌಲ್ಯವನ್ನು ವಿವರಿಸುವ ವರದಿಯನ್ನು ಕೇಂದ್ರ ಕೃಷಿ ಇಲಾಖೆಗೆ ಬರೆದರು. ಅಲ್ಲಿಯೂ ಹಾಗಲ ಕಾಣಿಸಿಕೊಳ್ಳುತ್ತದೆ. ಭಾರತೀಯರು ಕುಟುಂಬ ಸಮೇತ ಈ ನಾಡಿಗೆ ಬರುವುದಕ್ಕೆ ಅರುವತ್ತು ಎಪ್ಪತ್ತು ವರ್ಷ ಮೊದಲಿನ ಮಾತು ಇದು. ಇನ್ನೊಂದು ಸಂಗತಿಯೂ ಗಮನಿಸಬೇಕಾದ್ದು. ಈ ವಿದ್ವಾಂಸರು ಹಾಗಲವನ್ನು ನೋಡಿದ್ದು ಔಷಧಿ ಅಂಗಡಿಯ ಮೂಲಿಕೆಯಾಗಿ ಅಲ್ಲ, ತರಕಾರಿಗಳ ಪಟ್ಟಿಯಲ್ಲಿ.

ಏಷ್ಯಾದ ವಲಸಿಗರು ತರಕಾರಿಯನ್ನೇ ಏಕೆ ಹಿಡಿದರು ಎಂಬ ಪ್ರಶ್ನೆಗೆ ‘ಅದು ಅವರಿಗೆ ಒಗ್ಗಿದ ಕೆಲಸ’ ಎಂಬ ಸಿದ್ಧ ಉತ್ತರವಿದೆ. ನನಗೆ ಆ ಉತ್ತರ ಸಾಲದು. ಅದೇ ಕಾಲದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಶ್ರೀಮಂತವಾದದ್ದು ಕಿತ್ತಳೆಯಿಂದ. 1870ರ ದಶಕದಲ್ಲಿ ರಿವರ್‌ಸೈಡ್‌ನಲ್ಲಿ ನೆಟ್ಟ ನೇವಲ್ ಕಿತ್ತಳೆಯ ಗಿಡಗಳಿಂದ ಹಬ್ಬಿದ ತೋಟಗಳು ಆ ನಾಡಿನ ಚಹರೆಯನ್ನೇ ಬದಲಿಸಿದವು. ಆ ತೋಟಗಳಲ್ಲಿ ದುಡಿದವರಲ್ಲಿ ಚೀನೀಯರೂ ಜಪಾನೀಯರೂ ಇದ್ದರು. ತೋಟದ ಒಡೆಯರ ಸಾಲಿನಲ್ಲಿ ಅವರು ಇರಲಿಲ್ಲ. ಕಿತ್ತಳೆ ಗಿಡ ಸರಿಯಾಗಿ ಫಲಕ್ಕೆ ಬರಲು ಹಲವು ವರ್ಷ ಕಾಯಬೇಕು. ಕಾಯುವ ಧೈರ್ಯ ಬರುವುದು ನೆಲ ನನ್ನದು ಎಂಬ ಭರವಸೆ ಇದ್ದವನಿಗೆ. ದಕ್ಷಿಣ ಕನ್ನಡದ ಗೇಣಿ ಪದ್ಧತಿ ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೂಲಗೇಣಿಯವನು ಅಡಕೆ ಸಸಿ ಇಡಬಲ್ಲ, ವರ್ಷ ವರ್ಷವೂ ಎತ್ತಂಗಡಿಯ ಭಯವಿರುವ ಚಾಲಗೇಣಿಯವನು ಒಂದೇ ಹಂಗಾಮಿನಲ್ಲಿ ಕೈಗೆ ಬರುವುದನ್ನು ಬೆಳೆಯುತ್ತಾನೆ. ಕ್ಯಾಲಿಫೋರ್ನಿಯಾದ 1913ರ ಅನ್ಯದೇಶೀಯರ ಭೂಕಾಯ್ದೆ ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು, ಅಂದರೆ ಆಚರಣೆಯಲ್ಲಿ ಏಷ್ಯಾದವರು, ಬೇಸಾಯದ ಭೂಮಿ ಕೊಳ್ಳುವುದನ್ನು ನಿಷೇಧಿಸಿ, ಗೇಣಿಯನ್ನು ಮೂರು ವರ್ಷಕ್ಕೆ ಮಿತಿಗೊಳಿಸಿತು. 1920ರಲ್ಲಿ ಮತದಾರರೇ ಅಂಗೀಕರಿಸಿದ ಕಾಯ್ದೆ ಆ ಗೇಣಿಯ ದಾರಿಯನ್ನೂ ಮುಚ್ಚಿತು. ಆಮೇಲೆ ಅವರಿಗೆ ಉಳಿದದ್ದು ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ಹೆಸರು, ನಂಬಿಕೆಯ ಬಿಳಿಯ ಪಾಲುದಾರನ ಹೆಸರು, ಬಾಯಿಮಾತಿನ ಒಪ್ಪಂದ. ಇಂಥ ನೆಲದಲ್ಲಿ ಮರ ನೆಡುವವರು ಯಾರು? ತಿಂಗಳೆರಡರಲ್ಲಿ ಕಾಸು ಕೊಡುವ ತರಕಾರಿಯ ಕಡೆಗೆ ಆ ರೈತರನ್ನು ದೂಡಿದ್ದು ಒಗ್ಗಿದ ಅಭ್ಯಾಸಕ್ಕಿಂತ ಹೆಚ್ಚಾಗಿ ಕಾನೂನು.

ಹಾಗಲದ ಬೇಸಾಯವನ್ನು ಹತ್ತಿರದಿಂದ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಗಟ್ಟಿ ಸಿಪ್ಪೆಯ ಬೀಜವನ್ನು ಒಂದು ರಾತ್ರಿ ನೆನೆಹಾಕಿ, ಮಣ್ಣು ಬೆಚ್ಚಗಾದ ಮೇಲೆ ಊರಬೇಕು. ಮಣ್ಣಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಮೊಳಕೆ ನಿಧಾನ. ಬಳ್ಳಿ ಹಬ್ಬಲು ಚಪ್ಪರ ಅಥವಾ ಕಂಬಕ್ಕೆ ಕಟ್ಟಿದ ಬಲೆ ಬೇಕು. ಮೊದಲು ಬರುವುದು ಗಂಡು ಹೂವು. ಆಮೇಲೆ, ದಳಗಳ ಹಿಂದೆ ಮುಳ್ಳು ಮುಳ್ಳಾದ ಪುಟ್ಟ ಮಿಡಿ ಹೊತ್ತ ಹೆಣ್ಣು ಹೂವು. ಬೆಳಗಿನ ಹೊತ್ತು ಜೇನ್ನೊಣ ಬಂದು ಹೋದರೆ ಕಾಯಿ ಕಚ್ಚುತ್ತದೆ. ಬಿತ್ತಿದ ಹೆಚ್ಚುಕಡಿಮೆ ಎರಡು ತಿಂಗಳಿಗೆ ಕೊಯ್ಲು ಶುರು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಬಳ್ಳಿಯ ಅಡಿಗೆ ಬಗ್ಗಿ ಎಲೆ ಸರಿಸಿ ಹುಡುಕಬೇಕು. ಒಂದು ಕಾಯಿ ಕಣ್ಣಿಗೆ ತಪ್ಪಿದರೆ ಅದು ಕಿತ್ತಳೆ ಬಣ್ಣಕ್ಕೆ ತಿರುಗಿ ಮೂರು ಹೋಳಾಗಿ ಬಿರಿಯುತ್ತದೆ, ಬಳ್ಳಿಯೂ ಹೊಸ ಹೂವು ಬಿಡುವುದು ತಗ್ಗುತ್ತದೆ. ನೆಲ ಕಡಿಮೆ, ಆಳು ಹೆಚ್ಚು ಬೇಡುವ ಬೆಳೆ ಇದು. ಮನೆಮಂದಿಯೆಲ್ಲ ದುಡಿಯುವ, ಅಂಗೈ ಅಗಲದ ಗೇಣಿ ಭೂಮಿಯ ಸಂಸಾರಕ್ಕೆ ಹೇಳಿ ಮಾಡಿಸಿದಂಥದು. ಹವೆಯೂ ಪೂರ್ತಿ ಅನುಕೂಲವಲ್ಲ. ಮೇ, ಜೂನ್ ತಿಂಗಳಲ್ಲಿ ಕಡಲ ಕಡೆಯಿಂದ ಬರುವ ಮಂಜು ಮೋಡ ಕರಾವಳಿಯ ಮೇಲೆ ಮಧ್ಯಾಹ್ನದವರೆಗೂ ಕವಿದಿರುತ್ತದೆ. ಜನ ಅದನ್ನು ‘ಜೂನ್ ಗ್ಲೂಮ್’ ಎನ್ನುತ್ತಾರೆ. ಆ ತಂಪಿನಲ್ಲಿ ಹಾಗಲ ಸೊರಗುತ್ತದೆ, ಎಲೆಗೆ ಬೂದಿ ರೋಗ ಬೀಳುತ್ತದೆ. ಒಳನಾಡಿನ ಸ್ಯಾನ್ ಫರ್ನಾಂಡೋ ಕಣಿವೆ, ಎಸ್ಕಾಂಡಿಡೋ, ಎಲ್ ಕಹೋನ್ ಕಡೆ ಬಿಸಿಲು ಚುರುಕು, ಬಳ್ಳಿ ಸೊಂಪು. ಬೇಸಿಗೆಯಲ್ಲಿ ಮಳೆ ಬಾರದ ಈ ನಾಡಿನಲ್ಲಿ ಪ್ರತಿ ಬಳ್ಳಿಯೂ ನೀರಾವರಿಯ ಹಂಗಿನಲ್ಲಿದೆ.

ಬೆಳೆದರೆ ಸಾಲದು, ಮಾರಲು ಜಾಗ ಬೇಕು. 20ನೇ ಶತಮಾನದ ಮೊದಲ ಅರ್ಧದ ಬಹುಕಾಲ ಕೃಷಿ ಉತ್ಪನ್ನದ ಮೌಲ್ಯದಲ್ಲಿ ಅಮೆರಿಕದ ಎಲ್ಲ ಕೌಂಟಿಗಳಿಗಿಂತ ಮುಂದಿದ್ದದ್ದು ಲಾಸ್ ಏಂಜಲೀಸ್ ಕೌಂಟಿ ಎಂದರೆ, ಸಿನಿಮಾ ಮತ್ತು ಹೆದ್ದಾರಿಗಳ ಊರೆಂದು ಮಾತ್ರ ಅದನ್ನು ಬಲ್ಲವರಿಗೆ ಆಶ್ಚರ್ಯವಾದೀತು. 1909ರಲ್ಲಿ ಒಂಬತ್ತನೇ ಬೀದಿ ಮತ್ತು ಸ್ಯಾನ್ ಪೆಡ್ರೋ ಬೀದಿ ಕೂಡುವಲ್ಲಿ ‘ಸಿಟಿ ಮಾರ್ಕೆಟ್’ ತೆರೆಯಿತು. ಅದನ್ನು ಹುಟ್ಟುಹಾಕಿದ್ದು ಚೀನೀ, ಜಪಾನೀ ಮತ್ತು ಬಿಳಿಯ ಬೆಳೆಗಾರರೂ ವ್ಯಾಪಾರಿಗಳೂ ಕೂಡಿ ಹಣ ಹಾಕಿದ ಕಂಪನಿ. ಹೊಲದ ಒಡೆತನ ಸಿಗದವರು ಮಾರುಕಟ್ಟೆಯ ಕಟ್ಟೆಯಲ್ಲಿ ಪಾಲುದಾರರಾದದ್ದು ಸಣ್ಣ ಸಾಧನೆಯಲ್ಲ. ಅದರ ಸುತ್ತ ಚೀನೀಯರ ಇನ್ನೊಂದು ಕೇರಿಯೇ ಬೆಳೆಯಿತು. ಯೂನಿಯನ್ ಸ್ಟೇಷನ್ ಕಟ್ಟಲು ಹಳೆಯ ಚೈನಾಟೌನ್ ಕೆಡವಿದಾಗ ನೆಲೆ ತಪ್ಪಿದ ಜನ 1938ರಲ್ಲಿ ಹೊಸ ಚೈನಾಟೌನ್ ಕಟ್ಟಿಕೊಂಡರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದ ಮೇಲೆ ಜಪಾನ್ ಮೂಲದ ಸುಮಾರು 1,20,000 ಜನ ಶಿಬಿರಗಳ ಪಾಲಾದರು. ಪಾಲೋಸ್ ವರ್ಡಿಸ್‌ನಿಂದ ಸ್ಯಾನ್ ಡಿಯಾಗೋ ಪಕ್ಕದ ಚೂಲಾ ವಿಸ್ತಾದ ಸೆಲರಿ ಹೊಲಗಳವರೆಗೆ ಬೆಳೆ ನಿಂತಲ್ಲೇ ಬಿಟ್ಟುಹೋಯಿತು. ಹಿಂದಿರುಗಿದವರಲ್ಲಿ ಅನೇಕರಿಗೆ ನೆಲ ಮತ್ತೆ ಸಿಗಲಿಲ್ಲ. ಮಾರುಕಟ್ಟೆಯ ಮಳಿಗೆ, ಸಗಟು ವ್ಯಾಪಾರಿಯ ಪರಿಚಯ, ಯಾವ ಕೇರಿಗೆ ಯಾವ ಕಾಯಿ ಬೇಕೆಂಬ ತಿಳಿವಳಿಕೆ ಇವು ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತ ಬಂದವು.

ಈ ಕತೆಯಲ್ಲಿ ಭಾರತೀಯರೂ ಇದ್ದಾರೆ. ಆದರೆ ನಾವು ಸಾಮಾನ್ಯವಾಗಿ ನೆನೆಯುವ ಕಾಲಕ್ಕಿಂತ ಮೊದಲು, ಬೇರೆಯದೇ ಪಾಡಿನಲ್ಲಿ. ಸ್ಯಾನ್ ಡಿಯಾಗೋದ ಪೂರ್ವದ ಬೆಟ್ಟ ದಾಟಿದರೆ ಇಂಪೀರಿಯಲ್ ಕಣಿವೆ. 1907ರವರೆಗೆ ಅದು ಸ್ಯಾನ್ ಡಿಯಾಗೋ ಕೌಂಟಿಯ ಭಾಗವೇ ಆಗಿತ್ತು. ಕೊಲರಾಡೋ ನದಿಯ ನೀರು ಹರಿಸಿ ಹಸಿರು ಮಾಡಿದ ಆ ಮರಳುನೆಲಕ್ಕೆ 1910ರ ಆಸುಪಾಸಿನಿಂದಲೇ ಪಂಜಾಬಿನ ರೈತರು ಬಂದು ಹತ್ತಿ, ಕರಬೂಜ ಬೆಳೆದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಅಲ್ಲಿಗೆ ಭೂಕಾಯ್ದೆಯ ಕತ್ತರಿ ಅವರಿಗೂ ತಗುಲಿತು. ಆ ಕಣಿವೆಯ ವೆಸ್ಟ್‌ಮೊರ್‌ಲೆಂಡ್ ಊರಿನಲ್ಲಿ ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂಡ್ ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆದರೂ ಪೌರತ್ವವಿಲ್ಲದೆ ತಮ್ಮ ಹೆಸರಿನಲ್ಲಿ ಭೂಮಿ ಹೊಂದುವಂತಿರಲಿಲ್ಲ. 1946ರ ಲೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೂ ಫಿಲಿಪಿನೋಗಳಿಗೂ ಪೌರತ್ವದ ಬಾಗಿಲು ತೆರೆಯಿತು. 1949ರಲ್ಲಿ ಸೌಂಡ್ ಅಮೆರಿಕದ ಪ್ರಜೆಯಾದರು. 1952ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಸೇಯ್ ಫುಜಿಯೀ ಮೊಕದ್ದಮೆಯಲ್ಲಿ ಭೂಕಾಯ್ದೆಯನ್ನು ಸಂವಿಧಾನಬಾಹಿರವೆಂದು ಸಾರಿತು. 1956ರ ನವೆಂಬರ್ 6ರಂದು ಕ್ಯಾಲಿಫೋರ್ನಿಯಾದ ಮತದಾರರು ಆ ಕಾಯ್ದೆಯನ್ನು ಪುಸ್ತಕದಿಂದಲೇ ತೆಗೆದುಹಾಕಿದರು; ಅದೇ ದಿನ ಇಂಪೀರಿಯಲ್ ಮತ್ತು ರಿವರ್‌ಸೈಡ್ ಕೌಂಟಿಗಳ ಜನ ಸೌಂಡ್ ಅವರನ್ನು ಅಮೆರಿಕದ ಸಂಸತ್ತಿಗೆ ಆರಿಸಿ ಕಳಿಸಿದರು. ಏಷ್ಯಾ ಮೂಲದವರೊಬ್ಬರು ಆ ಸಭೆಗೆ ಆಯ್ಕೆಯಾದದ್ದು ಅದೇ ಮೊದಲು. ಈ ಒಂದು ದಿನದ ಎರಡು ಫಲಿತಾಂಶಗಳನ್ನು ಒಟ್ಟಿಗೆ ನೋಡದೆ ದಕ್ಷಿಣ ಕ್ಯಾಲಿಫೋರ್ನಿಯಾದ ಭಾರತೀಯರ ಚರಿತ್ರೆಯನ್ನು ಬರೆಯಲಾಗದು.

1965ರ ವಲಸೆ ಕಾಯ್ದೆಯ ನಂತರ ಬಂದ ನಮ್ಮವರು, ಮೊದಲು ವೈದ್ಯರು ಮತ್ತು ವಿಮಾನ ಉದ್ಯಮದ ಎಂಜಿನಿಯರುಗಳು, ಆಮೇಲೆ 1985ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಕ್ವಾಲ್‌ಕಾಮ್‌ನಂಥ ಕಂಪನಿಗಳಿಗೆ ಬಂದವರು, ಹೊಲಕ್ಕೆ ಇಳಿದವರಲ್ಲ. ಅವರಿಂದ ಬೇಡಿಕೆ ಬೆಳೆಯಿತು ಎಂಬುದನ್ನು ಖಂಡಿತ ಒಪ್ಪಬೇಕು. ಮುಳ್ಳು ಹಾಗಲ ಅಂಗಡಿಗೆ ಬಂದದ್ದು ಭಾರತೀಯ ಗಿರಾಕಿಗಳಿಂದಲೇ. ಆದರೆ ಆ ಬೇಡಿಕೆ ಬರುವ ಹೊತ್ತಿಗೆ ಹಾಗಲ ಬೆಳೆಯುವ ರೈತ, ಅದನ್ನು ಸಾಗಿಸುವ ಲಾರಿ, ಅದರ ಪೆಟ್ಟಿಗೆ ಇಳಿಸುವ ಮಂಡಿ ಎಲ್ಲವೂ ಇದ್ದವು. ಓಕಿನಾವಾ ಮೂಲದ ಕುಟುಂಬಗಳಿಗೆ ಅದು ‘ಗೋಯಾ’. ಅಮೆರಿಕದ ನೌಕಾಪಡೆಯ ಮೂಲಕ ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ ಫಿಲಿಪಿನೋಗಳಿಗೆ ‘ಅಂಪಲಾಯಾ’. 1975ರ ಏಪ್ರಿಲ್ ಕೊನೆಗೆ ಸೈಗಾನ್ ಪತನವಾದಾಗ ವಿಯೆಟ್ನಾಮಿನ ನಿರಾಶ್ರಿತರಿಗೆ ಸ್ಯಾನ್ ಡಿಯಾಗೋ ಕೌಂಟಿಯ ಕ್ಯಾಂಪ್ ಪೆಂಡಲ್‌ಟನ್ ಸೇನಾನೆಲೆಯಲ್ಲಿ ಡೇರೆಗಳೆದ್ದವು; ಸುಮಾರು 50,000 ಜನ ಆ ಶಿಬಿರದ ಮೂಲಕ ಹಾದುಹೋದರು. ಅವರಲ್ಲಿ ಅನೇಕರು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ ನಡುವಣ ಆರೆಂಜ್ ಕೌಂಟಿಯಲ್ಲಿ ನೆಲೆ ನಿಂತರು. ಅವರ ಹೊಸವರ್ಷದ ಹಬ್ಬದೂಟಕ್ಕೆ ಮಾಂಸ ತುಂಬಿದ ಹಾಗಲದ ಸಾರು ಇರಬೇಕು. ಹಾಗಾಗಿ ‘ನಾವು ತಂದೆವು’ ಎನ್ನುವುದಕ್ಕಿಂತ ‘ನಾವು ಬಂದಾಗ ಅದು ಇಲ್ಲಿತ್ತು, ನಾವು ಅದಕ್ಕೆ ನಮ್ಮ ತಳಿ ಸೇರಿಸಿದೆವು’ ಎನ್ನುವುದೇ ಸತ್ಯಕ್ಕೆ ಹತ್ತಿರ.

ಇನ್ನೊಂದು ಆಕ್ಷೇಪ ಇವತ್ತಿನದು. ಅಂಗಡಿಯಲ್ಲಿರುವ ಹಾಗಲ ಬಹಳಷ್ಟು ಮೆಕ್ಸಿಕೋ, ಡೊಮಿನಿಕನ್ ರಿಪಬ್ಲಿಕ್, ಹೊಂಡುರಾಸ್‌ಗಳಿಂದ ಬರುತ್ತದೆ. ಹಾಗಿರುವಾಗ ಸ್ಥಳೀಯ ಗೇಣಿದಾರರ ಚರಿತ್ರೆಯನ್ನು ಹೇಳಿ ಪ್ರಯೋಜನವೇನು? ಚಳಿಗಾಲದ ಸರಕು ಹೊರಗಿನದೇ, ಅನುಮಾನವಿಲ್ಲ. ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಮಂಡಿಗೆ ಹಾಗಲ ಕಳಿಸುವವರಲ್ಲಿ ಫ್ರೆಸ್ನೋ ಸುತ್ತಿನ ಹ್ಮಾಂಗ್ ಮತ್ತು ಲಾವೋಸ್ ಮೂಲದ ಸಣ್ಣ ರೈತರು ಮುಖ್ಯರು. ಲಾವೋಸಿನ ಯುದ್ಧದಿಂದ ಓಡಿಬಂದ ಈ ಜನಕ್ಕೆ ತಲುಪಲೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗ ಹ್ಮಾಂಗ್ ಭಾಷೆಯಲ್ಲೇ ರೇಡಿಯೋ ಕಾರ್ಯಕ್ರಮ ನಡೆಸಿದೆ. ಅವರಲ್ಲಿ ಬಹಳ ಮಂದಿ ಇಂದಿಗೂ ಗೇಣಿಯ ನೆಲದಲ್ಲಿ, ಕೆಲವೇ ಎಕರೆಯಲ್ಲಿ ದುಡಿಯುವವರು. ಜನಾಂಗದ ಹೆಸರಿನ ಕಾನೂನು ಹೋಗಿದೆ, ಭೂಮಿಯ ಬೆಲೆ ಅದರ ಜಾಗದಲ್ಲಿ ನಿಂತಿದೆ. ಸ್ಯಾನ್ ಡಿಯಾಗೋದ ಸಿಟಿ ಹೈಟ್ಸ್‌ನಲ್ಲಿ ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ 2009ರಲ್ಲಿ ‘ನ್ಯೂ ರೂಟ್ಸ್’ ಎಂಬ ಸಮುದಾಯ ತೋಟ ತೆರೆದು, ಹಲವು ದೇಶಗಳ ನಿರಾಶ್ರಿತ ಕುಟುಂಬಗಳಿಗೆ ಪಾತಿ ಹಂಚಿತು. ಅದಕ್ಕೆ ಮುಂಚೆ, 1977ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ರೈತರು ನೇರವಾಗಿ ಮಾರುವುದಕ್ಕೆ ನಿಯಮ ಸಡಿಲಿಸಿದ್ದರಿಂದ ರೈತರ ಸಂತೆಗಳು ಹುಟ್ಟಿದವು. ಲಾಸ್ ಏಂಜಲೀಸ್ ಕೌಂಟಿಯ ಮೊದಲ ಸಂತೆ 1979ರಲ್ಲಿ, ಜಪಾನೀ ಮೂಲದವರು ಹೆಚ್ಚಾಗಿದ್ದ ಗಾರ್ಡೇನಾದಲ್ಲಿ ನಡೆಯಿತು. ನೂರೈವತ್ತು ವರ್ಷಗಳ ಈ ಸರಪಳಿಯಲ್ಲಿ ಜನ ಬದಲಾದರು, ದೇಶ ಬದಲಾಯಿತು. ನೆಲವಿಲ್ಲದವನ ಕೈಗೆ ತಟ್ಟನೆ ಹತ್ತುವ ಬೆಳೆ ಎಂಬ ಹಾಗಲದ ಗುಣ ಬದಲಾಗಲಿಲ್ಲ.

ಈಗ ಆರೋಗ್ಯದ ಮಾತು. ನನ್ನ ವಾದಕ್ಕೆ ಎದುರಾಗುವ ಅತಿ ದೊಡ್ಡ ಆಕ್ಷೇಪ ಇರುವುದು ಇಲ್ಲೇ. ದಕ್ಷಿಣ ಏಷ್ಯಾ ಮೂಲದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಹಾಗಲದ ರಸ, ಪುಡಿ, ಮಾತ್ರೆಗಳು ಎಲ್ಲ ಕಡೆ ಮಾರಾಟವಾಗುತ್ತವೆ. ಆದ್ದರಿಂದ ಈ ಕಾಯಿಯ ಬಲವೇ ಅದರ ಔಷಧಗುಣ ಎನ್ನುವವರಿದ್ದಾರೆ. ಪ್ರಯೋಗಗಳು ಏನು ಹೇಳುತ್ತವೆ ಎಂಬುದನ್ನು ಸಮಾಧಾನದಿಂದ ನೋಡಬೇಕು. ಹಾಗಲದಲ್ಲಿ ಚರಾಂಟಿನ್ ಎಂಬ ಸಂಯುಕ್ತವೂ ‘ಪಾಲಿಪೆಪ್ಟೈಡ್-ಪಿ’ ಎಂಬ, ಇನ್ಸುಲಿನ್ನನ್ನು ಹೋಲುವ ಪ್ರೋಟೀನೂ ಇವೆ. ಭಾರತದ ವಿಜ್ಞಾನಿಗಳು 1981ರಲ್ಲಿ ಪಾಲಿಪೆಪ್ಟೈಡ್-ಪಿ ಬಗ್ಗೆ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಎಲ್ಲೆಡೆ ಉಲ್ಲೇಖವಾಗುತ್ತದೆ. ಅಲ್ಲಿ ಆ ಪ್ರೋಟೀನನ್ನು ಚರ್ಮದಡಿಗೆ ಚುಚ್ಚುಮದ್ದಾಗಿ ಕೊಡಲಾಗಿತ್ತು ಎಂಬ ವಿವರವನ್ನು ಜಾಹೀರಾತುಗಳು ಬಿಟ್ಟುಬಿಡುತ್ತವೆ. ತಿಂದ ಪ್ರೋಟೀನು ಹೊಟ್ಟೆಯಲ್ಲಿ ಜೀರ್ಣವಾಗಿ ಒಡೆಯುತ್ತದೆ. ಇನ್ಸುಲಿನ್ನನ್ನು ನುಂಗದೆ ಚುಚ್ಚಿಕೊಳ್ಳಬೇಕಾಗಿರುವುದೂ ಇದೇ ಕಾರಣಕ್ಕೆ. 2011ರಲ್ಲಿ ಪ್ರಕಟವಾದ ಥಾಯ್ಲೆಂಡಿನ ನಾಲ್ಕು ವಾರಗಳ ಪ್ರಯೋಗದಲ್ಲಿ ದಿನಕ್ಕೆ 2,000 ಮಿಲಿಗ್ರಾಂ ಹಾಗಲ ಸಕ್ಕರೆಯನ್ನು ಸ್ವಲ್ಪ ಇಳಿಸಿತು. ದಿನಕ್ಕೆ 1,000 ಮಿಲಿಗ್ರಾಂ ಮೆಟ್‌ಫಾರ್ಮಿನ್ ಇಳಿಸಿದಷ್ಟು ಇಳಿಸಲಿಲ್ಲ. 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು 479 ಜನರ ಮೇಲೆ ನಡೆದ ನಾಲ್ಕು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ ಹಾಗಲವನ್ನು ಸೂಚಿಸಲು ಪುರಾವೆ ಸಾಲದು ಎಂದರು.

ಇದರಿಂದ ಹಾಗಲಕ್ಕೆ ಅವಮಾನವಾಗುವುದಿಲ್ಲ. ನೂರು ಗ್ರಾಂ ಹಸಿ ಹಾಗಲದಲ್ಲಿ ಸುಮಾರು 84 ಮಿಲಿಗ್ರಾಂ ಸಿ ಜೀವಸತ್ತ್ವವಿದೆ, ಶಕ್ತಿ 17 ಕಿಲೊಕ್ಯಾಲೊರಿ ಮಾತ್ರ. ನಾರು ಇದೆ, ನೀರಿನಂಶ ಬಹಳ. ಉಪ್ಪು ಹಚ್ಚಿ ಹಿಂಡಿ ಕಹಿ ತೆಗೆಯುವಾಗ, ಬೇಯಿಸುವಾಗ ಜೀವಸತ್ತ್ವದ ಒಂದು ಪಾಲು ಹೋಗುತ್ತದೆ; ಆದರೂ ಅನ್ನದ ರಾಶಿಯ ಜಾಗವನ್ನು ಒಂದಿಷ್ಟು ಹಾಗಲದ ಪಲ್ಯ ತುಂಬಿದರೆ ಸಕ್ಕರೆ ಕಾಯಿಲೆಯವರ ತಟ್ಟೆಗೆ ಅದು ಒಳ್ಳೆಯದೇ. ಗೊಜ್ಜಿಗೆ ಹಾಕುವ ಬೆಲ್ಲದ ಲೆಕ್ಕವನ್ನೂ ಆಗ ಇಡಬೇಕು. ಅಪಾಯ ಶುರುವಾಗುವುದು ತರಕಾರಿಯನ್ನು ಮದ್ದೆಂದು ತಿಳಿದು ವೈದ್ಯರು ಕೊಟ್ಟ ಗುಳಿಗೆ ಬಿಡುವಲ್ಲಿ, ಅಥವಾ ಗುಳಿಗೆಯ ಜೊತೆಗೆ ಲೋಟಗಟ್ಟಲೆ ರಸ ಕುಡಿದು ಸಕ್ಕರೆ ತೀರ ಕುಸಿಯುವಲ್ಲಿ. ಗರ್ಭಿಣಿಯರಿಗೂ ಜಿ6ಪಿಡಿ ಕಿಣ್ವದ ಕೊರತೆಯಿರುವವರಿಗೂ ಹಾಗಲದ ಸಾರ, ಬೀಜದ ಪುಡಿ ಬೇಡವೆಂದು ವೈದ್ಯರು ಎಚ್ಚರಿಸುತ್ತಾರೆ. ‘ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ’ ಎನ್ನುವಂತೆ ಒಂದು ಸೀಸೆಯ ಹೇಳಿಕೆಗೆ ಇನ್ನೊಂದು ಸೀಸೆಯ ಹೇಳಿಕೆಯನ್ನೇ ಪುರಾವೆ ಮಾಡಿಕೊಳ್ಳುವ ವ್ಯಾಪಾರಕ್ಕೆ ನಾವು ಬಲಿಯಾಗಬಾರದು. ಚರಿತ್ರೆಯೂ ಇದೇ ದಿಕ್ಕನ್ನು ತೋರುತ್ತದೆ: ಮಿಷನ್ ವ್ಯಾಲಿಯ ಚೀನೀ ತೋಟಗಾರನಾಗಲಿ ಫ್ರೆಸ್ನೋದ ಹ್ಮಾಂಗ್ ರೈತಳಾಗಲಿ ದುಡಿದದ್ದು ಊಟದ ಕಾಯಿಗಾಗಿ, ತಮ್ಮವರ ಮನೆಯ ರುಚಿಗಾಗಿ.

ನಮ್ಮ ಕಾಳಜಿಗೆ ಇನ್ನೊಂದು ಕಾರಣವನ್ನು ಇತ್ತೀಚಿನ ವರ್ಷಗಳೇ ಕೊಟ್ಟಿವೆ. ಕರ್ನಾಟಕದಲ್ಲಿ ಹಾಗಲ ಬೆಳೆಯುವವರ ಮುಖ್ಯ ತಲೆನೋವು ಹಣ್ಣುನೊಣ. ಮಿಡಿಯಲ್ಲಿ ಅದು ಮೊಟ್ಟೆಯಿಟ್ಟರೆ ಕಾಯಿ ಸೊಟ್ಟಗಾಗಿ ಒಳಗೆ ಹುಳು ಬೀಳುತ್ತದೆ. ತಪ್ಪಿಸಲು ರೈತರು ಮೋಹಕ ಬಲೆ ಕಟ್ಟುತ್ತಾರೆ. ಈ ಏಷ್ಯಾದ ನೊಣಗಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಯೂರಿಲ್ಲ ಎಂಬುದು ಅಲ್ಲಿನ ಬೆಳೆಗಾರರ ದೊಡ್ಡ ಭಾಗ್ಯ. 2023ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸ್ಟೀವನ್‌ಸನ್ ರಾಂಚ್ ಬಡಾವಣೆಯಲ್ಲಿ ಸೋರೆ, ಸೌತೆ ಕುಟುಂಬದ ಬೆಳೆಗಳನ್ನು ಕಾಡುವ ‘ಟೌ’ ಹಣ್ಣುನೊಣ ಸಿಕ್ಕಿತು. ಸುತ್ತಲಿನ ಪ್ರದೇಶಕ್ಕೆ ದಿಗ್ಬಂಧನ ಹೇರಿ, ಮನೆಯ ಹಿತ್ತಲಿನ ಹಣ್ಣು ತರಕಾರಿಯನ್ನು ಹೊರಗೆ ಒಯ್ಯದಂತೆ ತಡೆಯಲಾಯಿತು. ಆ ನೊಣಕ್ಕಾಗಿ ಪಶ್ಚಿಮ ಗೋಳಾರ್ಧದಲ್ಲಿ ಹೇರಿದ ಮೊದಲ ದಿಗ್ಬಂಧನ ಅದು. ತಪಾಸಣೆಯಾಗದೆ ಪ್ರಯಾಣಿಕರ ಜೊತೆ ಬಂದ ಹಣ್ಣು ತರಕಾರಿಯಿಂದ ಅದು ಬಂದಿರಬಹುದು ಎಂದು ಅಧಿಕಾರಿಗಳು ಹೇಳಿದರು. ಊರಿನ ಕಾಯಿ, ಊರಿನ ಬೀಜ ಸೂಟ್‌ಕೇಸಿನಲ್ಲಿ ಬರಲಿ ಎಂಬ ಆಸೆ ಎಷ್ಟು ಸಹಜವೋ ಅದರ ಬೆಲೆ ಅಷ್ಟೇ ಭಾರ. ಆ ಬೆಲೆ ತೆರುವವರಲ್ಲಿ ಮುಂದಿರುವವರು ಮತ್ತದೇ ಕೆಲವು ಎಕರೆಯ ಗೇಣಿದಾರರು. ದಿಗ್ಬಂಧನದ ಒಂದು ಹಂಗಾಮಿನ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಅವರಿಗಿಲ್ಲ. ಸಸ್ಯ ಆರೋಗ್ಯ ಪ್ರಮಾಣಪತ್ರ, ಅನುಮತಿ ಪತ್ರಗಳ ದಾರಿಯಲ್ಲಿ ಬೀಜ ತರಿಸಬಹುದು. ಅಲ್ಲಿಯ ಬೀಜ ವ್ಯಾಪಾರಿಗಳ ಬಳಿಯೇ ಭಾರತೀಯ ತಳಿಗಳು ದೊರೆಯುತ್ತವೆ.

ವಿದೇಶದಲ್ಲಿ ಕನ್ನಡಿಗರ ಬದುಕಿನ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಮೊದಲ ಸಂಘ, ಮೊದಲ ದೇವಸ್ಥಾನ, ಮೊದಲ ಅಂಗಡಿಯಿಂದ ಆರಂಭಿಸುತ್ತೇವೆ. ಆ ಚರಿತ್ರೆಗೆ ಅದರದೇ ಹಕ್ಕಿದೆ. ಆದರೆ ನಮ್ಮ ಅಡುಗೆಮನೆಯ ಸಾಕ್ಷ್ಯ ಹೇಳುವುದೇ ಬೇರೆ: 1965ರಲ್ಲಿ ನಮಗೆ ತೆರೆದ ಬಾಗಿಲನ್ನು ಅದಕ್ಕೆ ಮುಂಚಿನ ನೂರು ವರ್ಷ ಬೇರೆಯವರು ತಟ್ಟಿದ್ದರು. ಕೊಲೆಯಾದವರು, ಶುಲ್ಕ ವಿರೋಧಿಸಿ ಗಾಡಿ ನಿಲ್ಲಿಸಿದವರು, ಮಕ್ಕಳ ಹೆಸರಿನಲ್ಲಿ ನೆಲ ಹಿಡಿದವರು, ಬೆಳೆ ಬಿಟ್ಟು ಶಿಬಿರಕ್ಕೆ ಹೋದವರು, ಡಾಕ್ಟರೇಟ್ ಇದ್ದೂ ಹೊಲಕ್ಕೆ ತಮ್ಮ ಹೆಸರಿಲ್ಲದವರು, ಇವರೆಲ್ಲರ ಕಷ್ಟದ ಮೇಲೆ ನಿಂತ ಮಾರುಕಟ್ಟೆಯಿಂದ ನಾವು ಹಾಗಲ ಕೊಳ್ಳುತ್ತಿದ್ದೇವೆ. ಗೇಣಿದಾರನಿಗೆ ನೆಲ ಸಿಗಬೇಕೆಂದು 1974ರ ಭೂಸುಧಾರಣೆಯಲ್ಲಿ ಕಾನೂನನ್ನೇ ಬದಲಿಸಿದ ನಾಡಿನವರು ನಾವು. ಈ ಋಣದ ಸ್ವರೂಪ ನಮಗೆ ಬೇಗ ಅರ್ಥವಾಗಬೇಕು. ಋಣ ತೀರಿಸುವ ದಾರಿಗಳೂ ಕೈಗೆಟುಕುವಂಥವೇ. ಬೇಸಿಗೆಯಲ್ಲಿ ರೈತರ ಸಂತೆಗೆ ಹೋಗಿ ಸಣ್ಣ ಬೆಳೆಗಾರರಿಂದ ಕೊಳ್ಳುವುದು, ಗಡಿಯಲ್ಲಿ ಕಾಯಿ ಬೀಜ ಬಚ್ಚಿಡದಿರುವುದು, ಹಾಗಲವನ್ನು ಪವಾಡದ ಮದ್ದೆಂದು ಮಾರುವವರಿಗೆ ಕಿವಿಗೊಡದಿರುವುದು, ನಮ್ಮ ಸಂಘಗಳ ಸ್ಮರಣಸಂಚಿಕೆಗಳಲ್ಲಿ ಮಿಷನ್ ವ್ಯಾಲಿಗೂ ಇಂಪೀರಿಯಲ್ ಕಣಿವೆಗೂ ನಾಲ್ಕು ಪುಟ ಕೊಡುವುದು. ಇಷ್ಟು ಮಾಡಿದರೆ ಮುಂದಿನ ತಲೆಮಾರಿನ ಕನ್ನಡ ಮಕ್ಕಳು ತಮ್ಮ ಊರಿನ ಚರಿತ್ರೆಯನ್ನು ತಮ್ಮ ತಂದೆತಾಯಿಯ ವೀಸಾದಿಂದ ಆರಂಭಿಸುವುದಿಲ್ಲ. ಅವರಿಗಿಂತ ಮೊದಲು ಆ ನೆಲವನ್ನು ಉತ್ತವರಿಂದ ಆರಂಭಿಸುತ್ತಾರೆ.